ವೆಲ್ಡಿಂಗ್ ಮೇಲೆ ನೀರು: ನನ್ನ ಮೆಸೇಜ್ ತಪ್ಪು

‘ವೆಲ್ಡ್ ಆದ ಕೂಡಲೇ ನೀರು ಸುರಿದರೆ ಯಾವ ಲೋಹವೂ ಗಟ್ಟಿ’ ಎಂಬ ಮೆಸೇಜ್ ಕಾರವಾರದ ಬೋಟ್ ಗ್ರೂಪ್‌ಗಳಲ್ಲಿ ಓಡಾಡುತ್ತಿದೆ. ಮೊದಲು ಹಾಕಿದವನು ನಾನೇ. ಅದು ತಪ್ಪು.

ಲಾರಿಯ ಸ್ಪ್ರಿಂಗ್ ಪಟ್ಟಿಯಲ್ಲಿ ಇಂಗಾಲ ಸುಮಾರು ಶೇ 0.5–0.6. ಇಷ್ಟು ಇಂಗಾಲ ಇರುವುದರಿಂದ ನೀರು ಬಿದ್ದರೆ ಬೆಸುಗೆಯ ಪಕ್ಕದ ಭಾಗ ಗಡುಸಾಗುತ್ತದೆ, ಆದರೆ ಬಾಗುವ ಗುಣ ಹೋಗುತ್ತದೆ. ಸುತ್ತಿಗೆಯಿಂದ ಹೊಡೆದು ನೋಡಿದೆ. ಚಟ್ ಎಂದು ಮುರಿಯಿತು, ಅದೂ ಬೆಸುಗೆಯಲ್ಲಲ್ಲ, ಪಕ್ಕದಲ್ಲಿ! ಇಂಥದ್ದನ್ನು ಮೊದಲೇ ಬಿಸಿ ಮಾಡಿ, ವೆಲ್ಡ್ ಆದಮೇಲೆ ಒಣ ಮರಳಿನಲ್ಲಿ ಹೂತು ನಿಧಾನವಾಗಿ ಆರಿಸಬೇಕು.

ಮೈಲ್ಡ್ ಸ್ಟೀಲ್‌ನಲ್ಲಿ (ಸಾಮಾನ್ಯ ಮೆದು ಉಕ್ಕು) ಇಂಗಾಲ ಕಡಿಮೆ, ಶೇ 0.25ರೊಳಗೆ. ಸುಮ್ನೆ ಗಾಳಿಗೆ ಬಿಟ್ಟರೆ ಸಾಕು. 6061-ಟಿ6 (ಶಾಖ ಕೊಟ್ಟು ಗಟ್ಟಿ ಮಾಡಿದ ಅಲ್ಯೂಮಿನಿಯಂ ಮಿಶ್ರಲೋಹ) ಸ್ಪ್ರಿಂಗ್ ಪಟ್ಟಿಗೆ ಉಲ್ಟಾ: ಬೆಸುಗೆಯ ಪಕ್ಕ ಮೆತ್ತಗಾಗಿ ಬಲ ಕಳೆದುಕೊಳ್ಳುತ್ತದೆ.

ಹಳೆ ಮೆಸೇಜ್ ದಯವಿಟ್ಟು ಫಾರ್ವರ್ಡ್ ಮಾಡಬೇಡಿ.