ನೂರರವರೆಗೆ ಹೇಳಿದರಷ್ಟೇ ಗಣಿತವೇ?

ಮೂರು ವರ್ಷದೊಳಗೆ ನೂರರವರೆಗೆ ಹೇಳಲು ಬಾರದ ಮಗು ಗಣಿತದಲ್ಲಿ ಹಿಂದುಳಿಯುತ್ತದೆ ಎಂಬ ಸಂದೇಶವನ್ನು ಹಲವರು ಕಾಳಜಿಯಿಂದಲೇ ಹಂಚುತ್ತಾರೆ. ಆದರೆ ಅದು ನಿಜವಲ್ಲ. ಅಂಕಿಗಳನ್ನು ಸಾಲಾಗಿ ಒಪ್ಪಿಸುವುದು ನೆನಪಿನ ಕೆಲಸ. ಎಣಿಕೆಯಲ್ಲಿ ಕೊನೆಗೆ ಹೇಳಿದ ಸಂಖ್ಯೆಯೇ ಒಟ್ಟು ವಸ್ತುಗಳ ಲೆಕ್ಕ ಎಂಬ ಅರಿವು ಬೇರೆಯದೇ ಆಗಿದ್ದು, ಸಾಮಾನ್ಯವಾಗಿ 3ರಿಂದ 5 ವರ್ಷದ ನಡುವೆ ಹಂತಹಂತವಾಗಿ ಮೂಡುತ್ತದೆ.

ಇದನ್ನು ಯಾರು ಬೇಕಾದರೂ ಪರೀಕ್ಷಿಸಬಹುದು: ಹತ್ತರವರೆಗೆ ಸರಾಗವಾಗಿ ಹೇಳುವ ಪುಟ್ಟ ಮಗುವನ್ನು ಆಟದ ನಡುವೆ ‘ನಾಲ್ಕು ಬ್ಲಾಕ್ ಕೊಡು’ ಎಂದು ಕೇಳಿದರೆ, ಅದು ಕೈಗೆ ಸಿಕ್ಕಷ್ಟನ್ನು ಕೊಟ್ಟುಬಿಡುವುದುಂಟು, ಮತ್ತು ಆ ವಯಸ್ಸಿಗೆ ಅದು ಸಹಜವೇ. ಸಂದೇಶವು ಯಾವುದಾದರೂ ಅಧ್ಯಯನವನ್ನು ಹೆಸರಿಸಿದ್ದರೆ ಮೂಲವನ್ನು ಹುಡುಕಿ ಓದಬೇಕು. ಹೆಸರಿಸದಿದ್ದರೆ ನಂಬಲು ಆಧಾರವೇ ಇಲ್ಲ. ಮೆಟ್ಟಿಲು ಹತ್ತುತ್ತಾ ಎಣಿಸುವುದು, ಪ್ರತಿ ತಟ್ಟೆಗೂ ಒಂದು ಚಮಚ ಇಡಿಸುವುದು, ಯಾವ ಗುಂಪಿನಲ್ಲಿ ಹೆಚ್ಚಿದೆ ಎಂದು ಕೇಳುವುದು ಈ ಅರಿವನ್ನು ಬೆಳೆಸಲು ನೆರವಾಗುತ್ತವೆ.