ಹದಕ್ಕೆ ಒಂದು ಹಿಡಿ

ನಿನ್ನೆ ಮದುವೆ ಮನೆಯಿಂದ ಹಸಿದುಕೊಂಡು ವಾಪಸ್ ಬಂದೆ. ಆ ಸಿಟ್ಟು ಇನ್ನೂ ಇಳಿದಿಲ್ಲ. ಬರಹ ಉದ್ದವಾಗುತ್ತದೆ. ಪುರುಸೊತ್ತು ಇಲ್ಲದವರು ಲೈಕ್ ಒತ್ತಿ ಮುಂದೆ ಹೋಗಿ, ಬೇಸರವಿಲ್ಲ.

ದಾವಣಗೆರೆಯದೇ ಒಂದು ಕಲ್ಯಾಣ ಮಂಟಪ. ಅನ್ನ, ಮೊಸರು, ಸೌತೆಕಾಯಿ ಹೋಳು ಬಿಟ್ಟರೆ ಗೋಧಿ ಮುಟ್ಟುವಂತಿಲ್ಲದ ನನಗೆ ಎಲೆಯಲ್ಲಿ ಏನೂ ಇರುವುದಿಲ್ಲ ಎಂದು ಮನಸ್ಸು ಗಟ್ಟಿ ಮಾಡಿಕೊಂಡೇ ಹೋಗಿದ್ದೆ. ನೋಡಿದರೆ ಊಟದ ಹಾಲಿನ ಮೂಲೆಯಲ್ಲಿ ಬಿಸಿ ಜೋಳದ ರೊಟ್ಟಿ! ಇಬ್ಬರು ಹೆಂಗಸರು, ಎರಡು ಹೆಂಚು, ಮುಂದೆ ಉದ್ದನೆಯ ಸಾಲು. ನಾನೂ ತಟ್ಟೆ ಹಿಡಿದು ನಿಂತೆ. ನನ್ನ ಸರದಿ ಬಂದಾಗ ಅಭ್ಯಾಸದಂತೆ ಕೇಳಿದೆ, "ಬರೀ ಜೋಳದ ಹಿಟ್ಟೇ ತಾನೇ?"

"ಬರೀ ಜೋಳದ್ದೇ ಅಕ್ಕ. ನಮ್ಮ ಹೊಲದ್ದು."

ಆ ಮಾತು ಮುಗಿಯುವಷ್ಟರಲ್ಲಿ ಪಕ್ಕದಾಕೆ ಮೇಜಿನ ಕೆಳಗಿನಿಂದ ಒಂದು ಸ್ಟೀಲ್ ಡಬ್ಬಿ ಎಳೆದು, ಒಂದು ಹಿಡಿ ಹಿಟ್ಟು ತೆಗೆದು ನಾದುತ್ತಿದ್ದ ಹಿಟ್ಟಿನ ಮೇಲೆ ಉದುರಿಸಿದರು. ಅದೇನು ಎಂದೆ. ಗೋಧಿ ಹಿಟ್ಟು ಎಂದರು. ಬರೀ ಜೋಳದ್ದು ಎಂದಿರಲ್ಲ ಎಂದೆ.

"ಜೋಳದ್ದೇ ಅಕ್ಕ. ಇದು ಹಾಕಿದ್ದಲ್ಲ, ಹದಕ್ಕೆ."

ಹಾಕಿದ್ದಲ್ಲ, ಹದಕ್ಕೆ! ಖಾಲಿ ತಟ್ಟೆ ಹಿಡಿದು ವಾಪಸ್ ಬರುವಾಗ ಈ ಎರಡು ಪದಗಳನ್ನೇ ಜಪಿಸಿಕೊಂಡು ಬಂದೆ. ಆಕೆ ಸುಳ್ಳು ಹೇಳಲಿಲ್ಲ ಎಂಬುದೇ ನನ್ನ ತಲೆ ಕೆಡಿಸಿರುವುದು. ನಮ್ಮ ಅಡುಗೆಮನೆಗಳಲ್ಲಿ ಹದಕ್ಕೆ ಹಾಕಿದ್ದು ಹಾಕಿದ ಲೆಕ್ಕಕ್ಕೆ ಬರುವುದೇ ಇಲ್ಲ. ನಾನು ಬ್ಯಾಂಕಿನ ಕ್ಯಾಷ್ ಕೌಂಟರಿನಲ್ಲಿ ಕೂರುವವಳು. ಸಂಜೆ ಲೆಕ್ಕದಲ್ಲಿ ಐನೂರು ರೂಪಾಯಿ ಕಡಿಮೆ ಬಂದಾಗ "ತೆಗೆದುಕೊಂಡಿದ್ದಲ್ಲ ಸಾರ್, ಹದಕ್ಕೆ" ಎಂದು ಒಮ್ಮೆ ಹೇಳಿ ನೋಡಬೇಕು.

ನನ್ನ ಕಥೆ ನಿಮ್ಮಲ್ಲಿ ಬಹಳ ಜನರಿಗೆ ಗೊತ್ತು. ವರ್ಷಗಟ್ಟಲೆ ಕಬ್ಬಿಣಾಂಶದ ಮಾತ್ರೆ ನುಂಗಿದರೂ ರಕ್ತ ಏರದಿದ್ದದ್ದು, ಊಟ ಮಾಡಿದರೆ ಹೊಟ್ಟೆ ತಮಟೆಯಂತಾಗುತ್ತಿದ್ದದ್ದು, ಕೊನೆಗೆ ರಕ್ತ ಪರೀಕ್ಷೆ, ಎಂಡೋಸ್ಕೋಪಿ, ಕರುಳಿನ ಚೂರು ತೆಗೆದು ನೋಡಿದ್ದು, ಸೀಲಿಯಾಕ್ ಎಂಬ ಹೆಸರು ಕಿವಿಗೆ ಬಿದ್ದದ್ದು. ಹೊಸಬರಿಗಾಗಿ ಇಷ್ಟು ಹೇಳುತ್ತೇನೆ: ಗೋಧಿ, ಬಾರ್ಲಿ, ರೈ ಎಂಬ ಧಾನ್ಯಗಳಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನ್ ಹೊಟ್ಟೆಗೆ ಹೋದರೆ ನನ್ನ ದೇಹದ ರಕ್ಷಣಾ ವ್ಯವಸ್ಥೆ ನನ್ನ ಸಣ್ಣ ಕರುಳಿನ ಮೇಲೆಯೇ ತಿರುಗಿ ಬೀಳುತ್ತದೆ. ಇದಕ್ಕೆ ಮಾತ್ರೆ ಇಲ್ಲ, ಬಾಯಿ ಕಟ್ಟುವುದೊಂದೇ ದಾರಿ. ಇದು ಡಯಟ್ ಅಲ್ಲ ಎಂದು ಎಷ್ಟು ಸಲ ಹೇಳಲಿ? ತೆಳ್ಳಗಾಗಲು ಎರಡು ವಾರ ಚಪಾತಿ ಬಿಟ್ಟು ಇನ್‌ಸ್ಟಾಗ್ರಾಮಿನಲ್ಲಿ ಫೋಟೋ ಹಾಕುವವರಿಂದಾಗಿ ನಾನು ಹೋದಲ್ಲೆಲ್ಲ "ನೀನೂ ಶುರು ಮಾಡಿದೆಯಾ?" ಎಂಬ ಓರೆ ನಗೆ ನೋಡಬೇಕಾಗಿದೆ. ನಿಮ್ಮ ಕರುಳು ಸರಿ ಇದ್ದರೆ ದಯವಿಟ್ಟು ಚಪಾತಿ ತಿನ್ನಿ, ನನ್ನ ಪಾಲಿನದನ್ನೂ ತಿನ್ನಿ. ಅನುಮಾನವಿದ್ದರೆ ಮೊದಲು ಪರೀಕ್ಷೆ ಮಾಡಿಸಿ, ಆಮೇಲೆ ಬಿಡಿ. ಮೊದಲೇ ಬಿಟ್ಟುಬಿಟ್ಟರೆ ಪರೀಕ್ಷೆಯಲ್ಲಿ ರೋಗ ಸಿಕ್ಕದೇ ಹೋಗಬಹುದು.

ಆ ಒಂದು ಹಿಡಿಗೆ ಬರುತ್ತೇನೆ. ಒಂದು ಕೆಜಿ ಜೋಳದ ಹಿಟ್ಟಿಗೆ 50 ಗ್ರಾಂ ಗೋಧಿ ಹಿಟ್ಟು ಎಂದಿಟ್ಟುಕೊಳ್ಳಿ. ಗೋಧಿ ಹಿಟ್ಟಿನಲ್ಲಿ ಸುಮಾರು ಹತ್ತನೇ ಒಂದು ಪಾಲು ಪ್ರೋಟೀನ್, ಅದರಲ್ಲಿ ಹೆಚ್ಚಿನದು ಗ್ಲುಟೆನ್. ಅಲ್ಲಿಗೆ ಹತ್ತಿರ ಹತ್ತಿರ 4,000 ಮಿಲಿಗ್ರಾಂ. ನಮ್ಮ ದೇಶದ ಆಹಾರ ಸುರಕ್ಷತಾ ನಿಯಮದ ಪ್ರಕಾರ ಪೊಟ್ಟಣದ ಮೇಲೆ "ಗ್ಲುಟೆನ್ ರಹಿತ" ಎಂದು ಬರೆಯಬೇಕಾದರೆ ಕೆಜಿಗೆ 20 ಮಿಲಿಗ್ರಾಂ ಮೀರಬಾರದು. ಇಲ್ಲಿ 200 ಪಟ್ಟು! ಹದ ಭಾರೀ ಚೆನ್ನಾಗಿದೆ.

ಹದ ಏಕೆ ಬೇಕಾಗುತ್ತದೆ ಎಂಬುದೂ ನನಗೆ ಗೊತ್ತು. ಜೋಳಕ್ಕೆ ಜಿಗಿ ಕಡಿಮೆ. ಚಳ್ಳಕೆರೆಯಲ್ಲಿ ನನ್ನ ಅಜ್ಜಿ ಕುದಿಯುವ ನೀರು ಹೊಯ್ದು, ಕೈ ಸುಡುತ್ತಿರುವಾಗಲೇ ಅಂಗೈಯ ಬುಡದಿಂದ ಹಿಟ್ಟನ್ನು ಉಜ್ಜುತ್ತಿದ್ದರು. ಬೆಣ್ಣೆಯಂತಾಗುವವರೆಗೂ ಬಿಡುತ್ತಿರಲಿಲ್ಲ. ಆಮೇಲೆ ತಟ್ಟಿದರೆ ಅಂಚು ಸೀಳುತ್ತಿರಲಿಲ್ಲ. ಇನ್ನೂರು ಜನರ ಸಾಲು ಮುಂದಿರುವಾಗ ಅಷ್ಟು ಉಜ್ಜುವವರು ಯಾರು? ಗೋಧಿ ಹಿಟ್ಟು ಬೆರೆಸಿದರೆ ಲಟ್ಟಣಿಗೆಯಲ್ಲಿ ಎರಡು ಎಳೆತಕ್ಕೆ ರೊಟ್ಟಿ. ಗ್ಲುಟೆನ್ನಿನ ಗುಣವೇ ಅದು. ಹೋಳಿಗೆಯ ಕಣಕವನ್ನು ಒಂದು ಉಂಡೆ ತೆಗೆದುಕೊಂಡು ನಲ್ಲಿಯ ಕೆಳಗೆ ಹಿಸುಕುತ್ತಾ ತೊಳೆಯಿರಿ. ಬಿಳಿ ಹಾಲಿನಂತೆ ಹಿಟ್ಟೆಲ್ಲ ಹರಿದು ಹೋಗಿ ಕೊನೆಗೆ ಬೆರಳಿಗೆ ಚೂಯಿಂಗ್ ಗಮ್ಮಿನಂಥದ್ದು ಉಳಿಯುತ್ತದೆ, ಎಳೆದರೆ ಹಿಗ್ಗುತ್ತದೆ. ನನ್ನ ಶತ್ರುವನ್ನು ನಾನು ಹಾಗೆ ಕೈಯಲ್ಲಿ ಹಿಡಿದು ನೋಡಿದ್ದೇನೆ. ಪರೀಕ್ಷೆಯ ವರದಿ ಬಂದ ವಾರ, ರಾತ್ರಿ ಹನ್ನೊಂದಕ್ಕೆ, ಸಿಂಕಿನ ಮುಂದೆ ನಿಂತು. ಗಂಡ ಬಂದು ನೋಡಿ, ಏನೂ ಕೇಳದೆ ಹೋಗಿ ಮಲಗಿದರು.

ಇನ್ನು ಬೆಣ್ಣೆ ದೋಸೆ. ಈ ಊರಿನಲ್ಲಿದ್ದು ಅದನ್ನು ತಿನ್ನದೆ ಇರುವುದೆಂದರೆ ಏನು ಎಂದು ಬೇರೆ ಊರಿನವರಿಗೆ ಅರ್ಥವಾಗುವುದಿಲ್ಲ. ಅಕ್ಕಿ, ಉದ್ದಿನಬೇಳೆ, ಮಂಡಕ್ಕಿ, ಮೇಲೆ ಬೆಣ್ಣೆ. ಇದರಲ್ಲಿ ಗೋಧಿಗೆ ಏನು ಕೆಲಸ? ನಾನೂ ಹಾಗೆಂದುಕೊಂಡೇ ವರದಿ ಬಂದ ಮೇಲೂ ಮೂರು ತಿಂಗಳು ಕಣ್ಣು ಮುಚ್ಚಿ ತಿಂದೆ. ಒಂದು ದಿನ ಒಂದು ಹೋಟೆಲಿನ ಹಿಂಬದಿಯಲ್ಲಿ ಕೈ ತೊಳೆಯಲು ಹೋದಾಗ ಹುಡುಗನೊಬ್ಬ ಹಿಟ್ಟಿನ ಪಾತ್ರೆಗೆ ಮೈದಾ ಕಲಸಿ ಸುರಿಯುತ್ತಿದ್ದ. ಕೇಳಿದ್ದಕ್ಕೆ ಅವನೂ ಅದನ್ನೇ ಹೇಳಿದ. ಬಣ್ಣ ಬರುತ್ತದಂತೆ, ಗರಿಗರಿ ಆಗುತ್ತದಂತೆ. ಎಲ್ಲರೂ ಹಾಕುತ್ತಾರೆ ಎನ್ನುತ್ತಿಲ್ಲ. ಹಾಕುವವರು ಯಾರು, ಹಾಕದವರು ಯಾರು ಎಂದು ತಿಳಿಯಲು ಪ್ರತಿ ಹೋಟೆಲಿನ ಹಿಂಬದಿಯಲ್ಲಿ ಕೈ ತೊಳೆಯುತ್ತಾ ತಿರುಗಲು ನನ್ನಿಂದಾಗದು. ಈಗ ಮನೆಯಲ್ಲೇ ಮಾಡುತ್ತೇನೆ. ಚೆನ್ನಾಗಿಯೇ ಬರುತ್ತದೆ. ಸುಳ್ಳು ಹೇಳಿದೆ, ಆ ರುಚಿ ಬರುವುದಿಲ್ಲ.

ಹೊರಗೆ ನಾನು ಧೈರ್ಯವಾಗಿ ಕೊಳ್ಳುವುದು ಮಂಡಕ್ಕಿ ಒಂದನ್ನೇ. ಭಟ್ಟಿಯಲ್ಲಿ ಕಾದ ಮರಳಿನಲ್ಲಿ ಅಕ್ಕಿ ಅರಳುವುದನ್ನು ಚಿಕ್ಕಂದಿನಿಂದ ಕಣ್ಣಾರೆ ನೋಡಿದವಳು, ಅದಕ್ಕೆ ಹದದ ಹಂಗಿಲ್ಲ. ಪಕ್ಕದಲ್ಲಿ ಕೂರುವ ಮಿರ್ಚಿಯ ಮಾತು ಬೇರೆ. ಕಡಲೆ ಹಿಟ್ಟಿನದೇ, ನಿಜ. ಆದರೆ ಅದೇ ಬಾಣಲೆಯ ಎಣ್ಣೆಯಲ್ಲಿ ಐದು ನಿಮಿಷದ ಹಿಂದೆ ಮೈದಾ ಬೋಂಡಾ ಈಜಾಡಿರುತ್ತದೆ.

ಹೋಟೆಲನ್ನು ಬೈದು ನಾನು ಒಳ್ಳೆಯವಳಾಗುವುದು ಬೇಡ. ಗೋಧಿ ಬಿಟ್ಟು ಆರು ತಿಂಗಳಾದರೂ ನನ್ನ ರಕ್ತ ಪರೀಕ್ಷೆಯ ಅಂಕಿ ಇಳಿಯಬೇಕಾದಷ್ಟು ಇಳಿದಿರಲಿಲ್ಲ. ಡಾಕ್ಟರು ಕನ್ನಡಕದ ಮೇಲಿನಿಂದ ನೋಡಿ "ಕದ್ದು ತಿನ್ನುತ್ತಿದ್ದೀರಾ?" ಎಂದರು. ಅವಮಾನವಾಯಿತು. ಮನೆಗೆ ಬಂದು ಅಡುಗೆಮನೆಯ ಒಂದೊಂದೇ ಡಬ್ಬಿ ಇಳಿಸಿ ಭೂತಗನ್ನಡಿ ಹಿಡಿದು ಕೂತೆ. ಸಿಕ್ಕಿತು. ಹಿಂಗು! ಅಸಲಿ ಹಿಂಗು ಬಹಳ ಘಾಟು, ಹಾಗಾಗಿ ಗೋಂದು ಮತ್ತು ಹಿಟ್ಟು ಬೆರೆಸಿ ಮಾರುತ್ತಾರೆ. ನನ್ನ ಡಬ್ಬಿಯ ಮೇಲೆ ಇರುವೆ ಗಾತ್ರದ ಅಕ್ಷರಗಳಲ್ಲಿ ಗೋಧಿ ಹಿಟ್ಟು ಎಂದೇ ಬರೆದಿತ್ತು. ದಿನವೂ ಸಾರಿನ ಒಗ್ಗರಣೆಗೆ ನಾನೇ ಒಂದು ಚಿಟಿಕೆ ಹಾಕಿದ್ದೆ. ಅಕ್ಕಿ ಹಿಟ್ಟು ಬೆರೆಸಿದ ಹಿಂಗೂ ಸಿಗುತ್ತದೆ, ಹುಡುಕಬೇಕು. ಆದರೆ ಹಪ್ಪಳದಲ್ಲಿ, ಸಾರಿನ ಪುಡಿಯಲ್ಲಿ, ಉಪ್ಪಿನಕಾಯಿಯಲ್ಲಿ ಹಾಕಿರುವ ಹಿಂಗು ಯಾವುದು ಎಂದು ಯಾರನ್ನು ಕೇಳುವುದು? ಗೋಬಿ ಮಂಚೂರಿಯ ಸೋಯಾ ಸಾಸಿನಲ್ಲೂ ಗೋಧಿ. ಮಕ್ಕಳಿಗೆ ಹಾಲಿಗೆ ಬೆರೆಸಿ ಕೊಡುವ ಮಾಲ್ಟ್ ಪುಡಿಯಲ್ಲಿ ಬಾರ್ಲಿ. ಸಿರಿಧಾನ್ಯ ಬಿಸ್ಕತ್ತಿನ ಪೊಟ್ಟಣದ ಮುಂದೆ ನವಣೆಯ ತೆನೆಯ ಚಿತ್ರ, ಹಿಂದೆ ತಿರುಗಿಸಿದರೆ ಪಟ್ಟಿಯಲ್ಲಿ ಮೊದಲನೆಯದೇ ಗೋಧಿ ಹಿಟ್ಟು. ಪಟ್ಟಿಯಲ್ಲಿ ಮೊದಲು ಬರುವುದು ತೂಕದಲ್ಲಿ ಎಲ್ಲಕ್ಕಿಂತ ಹೆಚ್ಚಿರುವುದು ಎಂದು ಅರ್ಥ. ಅಂದರೆ ಇಲ್ಲಿ ಹದಕ್ಕೆ ಬಂದಿರುವುದು ನವಣೆಯೇ!

ಜನರಲ್ಲಿ ಒಬ್ಬರೇ ಒಬ್ಬರು ನನಗೆ ನೇರವಾಗಿ ಉತ್ತರ ಕೊಟ್ಟದ್ದು ಹಿಟ್ಟಿನ ಗಿರಣಿಯವರು. ನನ್ನ ಜೋಳದ ಚೀಲ ತೂಕಕ್ಕೆ ಹಾಕುವ ಮೊದಲೇ ವಿಷಯ ಹೇಳಿದೆ. ಅವರು ತಲೆ ಅಲ್ಲಾಡಿಸಿ, "ಈ ಕಲ್ಲಿನಲ್ಲಿ ಗೋಧಿ ಹೋಗದ ದಿನವೇ ಇಲ್ಲ ಅಕ್ಕ. ಎಷ್ಟು ಒರೆಸಿದರೂ ಸಂದಿಯಲ್ಲಿ ಉಳಿಯುತ್ತದೆ. ನೀವು ಬೇರೆ ದಾರಿ ನೋಡಿಕೊಳ್ಳಿ" ಎಂದರು. ಬಂದ ಗಿರಾಕಿಯನ್ನು ಹೀಗೆ ವಾಪಸ್ ಕಳಿಸಿದ ಅವರಿಗೆ ಕೈ ಮುಗಿಯಬೇಕೆನ್ನಿಸಿತು. ಆ ದೀಪಾವಳಿಗೆ ಸೀರೆಯ ಬದಲು ಮನೆಗೊಂದು ಪುಟ್ಟ ಹಿಟ್ಟಿನ ಯಂತ್ರ ಬಂತು.

ಈಗ ನಮ್ಮ ಮನೆಯವರ ಚಿಕ್ಕಪ್ಪನ ವಾದ. ಇದನ್ನು ಓದಿ ಅವರು ಹೇಗೂ ಬರೆಯುತ್ತಾರೆ, ನಾನೇ ಬರೆದುಬಿಡುತ್ತೇನೆ: "ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲಮ್ಮ. ಇದು ಮೊಬೈಲ್ ಬಂದ ಮೇಲೆ ಬಂದ ರೋಗ." ಚಿಕ್ಕಪ್ಪ, ಎರಡನೇ ಮಹಾಯುದ್ಧದ ಕೊನೆಯ ಚಳಿಗಾಲ, 1944-45ರಲ್ಲಿ, ನೆದರ್ಲೆಂಡ್ಸ್‌ನಲ್ಲಿ ಊಟಕ್ಕೇ ತತ್ವಾರವಾಗಿ ಬ್ರೆಡ್ ಸಿಗದಾದಾಗ ಈ ರೋಗದ ಮಕ್ಕಳು ಚೇತರಿಸಿಕೊಂಡರು, ಬ್ರೆಡ್ ಮತ್ತೆ ಬಂದಾಗ ಮತ್ತೆ ಮಲಗಿದರು. ಡಿಕ್ಕೆ ಎಂಬ ಮಕ್ಕಳ ಡಾಕ್ಟರು ಗೋಧಿಯ ಮೇಲಿನ ತಮ್ಮ ಅನುಮಾನವನ್ನು ಗಟ್ಟಿ ಮಾಡಿಕೊಂಡದ್ದು ಹಾಗೆ. ಆಗ ನೀವೇ ಹುಟ್ಟಿರಲಿಲ್ಲ. ಮತ್ತೆ ನಿಮ್ಮ ಕಾಲದಲ್ಲಿ ಈ ಸೀಮೆಯಲ್ಲಿ ದಿನವೂ ಗೋಧಿ ತಿಂದವರು ಯಾರು? ರಾಗಿ ಮುದ್ದೆ, ಸಜ್ಜೆ ರೊಟ್ಟಿ, ನವಣೆ ಅನ್ನ, ಜೋಳ. ಗೋಧಿ ಹುಗ್ಗಿ ಹಬ್ಬಕ್ಕೆ, ಜಾತ್ರೆಗೆ. ನೀವು ತಿಂದು ಬೆಳೆದ ಊಟವನ್ನೇ ನಾನೀಗ ಕೇಳುತ್ತಿರುವುದು. ನೂರರಲ್ಲಿ ಒಬ್ಬರಿಗೆ ಇರಬಹುದಾದ ರೋಗಕ್ಕೆ ಉಳಿದ ತೊಂಬತ್ತೊಂಬತ್ತು ಜನರ ಅಡುಗೆ ಬದಲಿಸಬೇಕೇ ಎಂದೂ ಕೇಳುತ್ತೀರಿ. ಬದಲಿಸಿ ಎಂದು ಯಾರು ಹೇಳಿದರು? ಮಾಡುವಂತೆಯೇ ಮಾಡಿ, ಹಾಕಿದ್ದನ್ನು ಹಾಕಿದ್ದೇನೆ ಎನ್ನಿ. ಅನ್ನ ಮೊಸರು ತಿಂದು ಎದ್ದು ಬರುತ್ತೇನೆ.

ಕಳೆದ ಶ್ರಾವಣದಲ್ಲಿ ಸತ್ಯನಾರಾಯಣ ಪೂಜೆಯ ಸಪಾದ ಭಕ್ಷ್ಯವನ್ನು ಕೈಗಿಟ್ಟು, "ಇದರಲ್ಲಿ ಗೋಧಿ ಇಲ್ಲ, ರವೆ" ಎಂದವರು ಎಂ.ಎಸ್ಸಿ. ಓದಿದವರು. ರವೆ ಯಾವ ಮರದಲ್ಲಿ ಬಿಡುತ್ತದೆ ಎಂದು ಕೇಳಬೇಕೆನ್ನಿಸಿತು. ಕೇಳಲಿಲ್ಲ. ಪ್ರಸಾದ ಬೇಡ ಎನ್ನಬಾರದು ಎಂದು ಅಷ್ಟೂ ಮುತ್ತೈದೆಯರು ನೋಡುತ್ತಿದ್ದರು. ತಿಂದೆ. ತುಪ್ಪ, ಬಾಳೆಹಣ್ಣು, ಏಲಕ್ಕಿ... ಅಯ್ಯೋ, ನಿಜ ಹೇಳಿಬಿಡುತ್ತೇನೆ, ಅವರ ದಾಕ್ಷಿಣ್ಯಕ್ಕೆ ಅಷ್ಟೇ ಅಲ್ಲ, ಆಸೆಗೇ ತಿಂದೆ. ಎರಡನೇ ಸಲ ಕೈ ಒಡ್ಡಿದೆ. ಮೂರು ದಿನ ರಜೆ ಹಾಕಿ ಮಲಗಿದ್ದು, "ವೈರಲ್ ಜ್ವರ" ಎಂದು ಆಫೀಸಿಗೆ ಹೇಳಿದ್ದು ಇದಕ್ಕೇ.

ತಪ್ಪೊಪ್ಪಿಗೆ ಶುರುವಾದ ಮೇಲೆ ಇನ್ನೊಂದೂ ಇರಲಿ. ನಮ್ಮ ಎದುರು ಮನೆಯ ಅಜ್ಜಿಗೆ ಸಕ್ಕರೆ ಕಾಯಿಲೆ. ವರ್ಷಗಳ ಹಿಂದಿನ ಮಾತು, ನನ್ನ ಕಾಯಿಲೆ ಇನ್ನೂ ಪತ್ತೆಯಾಗಿರಲಿಲ್ಲ. ಹುಳಿ ಮಾಡಿದಾಗೆಲ್ಲ ಒಂದು ಬಟ್ಟಲು ಅವರಿಗೆ ಹೋಗುತ್ತಿತ್ತು. "ಸಿಹಿ ಹಾಕಿಲ್ಲ ತಾನೇ?" ಎಂದು ಪ್ರತಿ ಸಲ ಕೇಳುತ್ತಿದ್ದರು. "ಇಲ್ಲ ಅಜ್ಜಿ" ಎನ್ನುತ್ತಿದ್ದೆ. ಗೋಲಿ ಗಾತ್ರದ ಬೆಲ್ಲ ಹಾಕಿರುತ್ತಿದ್ದೆ. ಅದಿಲ್ಲದೆ ಹುಣಸೆಹಣ್ಣು ಹೊಂದುವುದಿಲ್ಲವಲ್ಲ! ನಿನ್ನೆ ರಾತ್ರಿ ಮಂಟಪದಿಂದ ಬಂದವಳು ಬಟ್ಟೆಯನ್ನೂ ಬದಲಿಸದೆ ಅವರ ಮನೆಗೆ ಹೋಗಿ ಹೇಳಿದೆ. ಅವರು ಟಿವಿಯಿಂದ ಕಣ್ಣು ಕೀಳದೆ, "ಗೊತ್ತಿತ್ತು ಬಿಡು. ನನ್ನ ನಾಲಿಗೆಗೇನು ಕಾಯಿಲೆಯೇ? ರುಚಿಯಾಗಿತ್ತು, ಸುಮ್ಮನೆ ತಿಂದೆ" ಎಂದರು.

ಇದನ್ನು ಬರೆಯುತ್ತಿರುವಾಗ ನಾದಿನಿಯ ಫೋನ್ ಬಂತು. ಮುಂದಿನ ಭಾನುವಾರ ಹೊಳಲ್ಕೆರೆಯಲ್ಲಿ ಅವರ ಹೊಸ ಮನೆಯ ಗೃಹಪ್ರವೇಶ. "ಅತ್ತಿಗೆ, ನೀವು ಮಾತ್ರ ಡಬ್ಬಿ ತರಬೇಡಿ. ನಿಮಗೆಂದೇ ಬೇರೆ ಪಾತ್ರೆಯಲ್ಲಿ ಅಕ್ಕಿ ಪಾಯಸ ಮಾಡಿಸುತ್ತಿದ್ದೇನೆ, ಬರೀ ಅಕ್ಕಿಯದು" ಎಂದಳು. ಕಣ್ಣು ತುಂಬಿ ಬಂತು. "ಬರೀ ಅಕ್ಕಿ, ಬೆಲ್ಲ, ಹಾಲು ತಾನೇ?" ಎಂದೆ.

"ಹೌದು ಅತ್ತಿಗೆ. ಮಂದವಾಗಲಿ ಎಂದು ಒಂದಿಷ್ಟು ಶಾವಿಗೆ, ಅಷ್ಟೇ."

ಡಬ್ಬಿ ತೊಳೆದು ಮಗುಚಿ ಹಾಕಿದ್ದೇನೆ.