ಕೇಳದೆ ಬರುವ ತಟ್ಟೆ

ಕಾಸರಗೋಡಿನಲ್ಲಿ ಅರಬ್ಬರ ಶವಾಯ, ಕುಳಿಮಂದಿ ಎಲ್ಲ ಬಂದು ಹಳತಾಯಿತು. ಈಗ ಹೊಸ ಬಸ್ ನಿಲ್ದಾಣದ ಹತ್ತಿರದ ಗಲ್ಲಿಯಲ್ಲಿ ಜಪಾನು, ಕೊರಿಯಾ ಎರಡನ್ನೂ ಒಂದೇ ಬೋರ್ಡಿನಲ್ಲಿ ಬರೆಸಿಕೊಂಡ ಪುಟ್ಟ ಹೋಟೆಲಿದೆ. ಯಜಮಾನರು ದುಬೈಯ ಕೊರಿಯನ್ ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತಾ ಒಲೆಯ ತನಕ ಹೋದವರು. ಅಡುಗೆಯವನು ಮಣಿಪುರದ ಹುಡುಗ. ಅವನೊಡನೆ ಹಿಂದಿ, ಫೋನಿನಲ್ಲಿ ಮಲಯಾಳ, ನಮ್ಮ ಹತ್ತಿರ ಕನ್ನಡ. ಸಪ್ತಭಾಷೆಯ ಊರಿಗೆ ಇದೇನು ಮಹಾ!

ನಾನು ಹೋಗುವುದು ಊಟಕ್ಕೆ ಮೊದಲು ಕೇಳದೆ ಬಂದು ಕೂರುವ ಪುಟ್ಟ ತಟ್ಟೆಗಳ ಆಸೆಗೆ. ಕೊರಿಯಾದವರ ಬಾಂಚಾನ್. ಉಪ್ಪು, ಮೆಣಸು ಹಾಕಿ ಹುಳಿ ಬರಿಸಿದ ಕ್ಯಾಬೇಜಿನ ಕಿಮ್ಚಿ, ಮೊಳಕೆ ಕಾಳು, ಎಳ್ಳೆಣ್ಣೆ ಹಾಕಿದ ಪಾಲಕ್. ಬಿಲ್ಲಿಗೆ ಸೇರುವುದಿಲ್ಲ, ಖಾಲಿಯಾದರೆ ಮತ್ತೆ ತರುತ್ತಾರೆ. ಜಪಾನಿನ ಊಟಕ್ಕೆ ಈ ಧಾರಾಳ ಇಲ್ಲ. ಉಪ್ಪಿನಲ್ಲಿ ಹಾಕಿದ ಮೂಲಂಗಿ ನಾಲ್ಕೇ ಚೂರು, ಎಣಿಸಿಟ್ಟ ಹಾಗೆ.

ಒಮ್ಮೆ ಬದಿಯಡ್ಕದ ದೊಡ್ಡಮ್ಮನನ್ನು ಕರೆದುಕೊಂಡು ಹೋದೆ. ಅವರು ಮೀನು, ಮಾಂಸ ಮುಟ್ಟುವವರಲ್ಲ. ಯಜಮಾನರೇ ಬಂದು ಹೇಳಿದರು: "ಅಮ್ಮಾ, ಮಿಸೊ ಸೂಪು ನಿಮಗೆ ಬೇಡ, ಅದರ ನೀರಿಗೆ ಒಣಮೀನು ಹಾಕ್ತೇವೆ. ಕಿಮ್ಚಿಗೂ ಮೀನಿನ ರಸ ಬೀಳ್ತದೆ. ಹಾಕದ್ದು ಬೇರೆ ಭರಣಿಯಲ್ಲಿ ಉಂಟು, ಅದನ್ನೇ ತರ್ತೇನೆ."

ಇಷ್ಟು ಹೇಳುವವರಿದ್ದರೆ ಊರಿನ ಅರ್ಧ ಜನ ಧೈರ್ಯವಾಗಿ ಹೊಸ ಹೋಟೆಲು ಹೊಕ್ಕಾರು.

ದೊಡ್ಡಮ್ಮ ಆ ಕಿಮ್ಚಿಯ ಒಂದು ಚೂರು ಬಾಯಿಗಿಟ್ಟು ನಿಧಾನ ಜಗಿದರು. "ಉಪ್ಪುಸೊಳೆಯ ವಾಸನೆಯೇ ಮಾರಾಯ! ಭರಣಿಗೆ ಹಾಕಿ ಎಷ್ಟು ದಿನ ಆಯ್ತು?"

ಮಳೆಗಾಲಕ್ಕೆ ತರಕಾರಿ ಇಲ್ಲವೆಂದು ನಾವು ಹಲಸಿನ ಸೊಳೆಯನ್ನು ಉಪ್ಪಿನಲ್ಲಿ ಹಾಕಿ ಭರಣಿಯ ಬಾಯಿ ಕಟ್ಟುತ್ತೇವೆ. ಕೊರಿಯಾದವರಿಗೆ ಹಿಮದ ಚಿಂತೆ. ಚಳಿ ಜೋರಾಗುವ ಮೊದಲು ಮನೆಯವರು, ನೆರೆಕರೆಯವರು ಸೇರಿ ರಾಶಿಗಟ್ಟಲೆ ಕ್ಯಾಬೇಜಿಗೆ ಉಪ್ಪು ಹಿಡಿಸಿ ಮೆಣಸಿನ ಮಸಾಲೆ ಮೆತ್ತುತ್ತಾರೆ. ಹಿಂದೆ ಮಣ್ಣಿನ ಭರಣಿಯನ್ನು ಕುತ್ತಿಗೆವರೆಗೆ ನೆಲದಲ್ಲಿ ಹೂಳುತ್ತಿದ್ದರು. ಒಳಗಿದ್ದದ್ದು ಹೆಪ್ಪುಗಟ್ಟಬಾರದಲ್ವಾ? ಕಿಮ್‌ಜಾಂಗ್ ಎಂಬ ಈ ಕೂಡುಕೆಲಸ 2013ರಲ್ಲಿ ಯುನೆಸ್ಕೊದ ಪರಂಪರೆಯ ಪಟ್ಟಿ ಸೇರಿತು. ವಾಶೊಕು ಎಂಬ ಜಪಾನಿನ ಸಾಂಪ್ರದಾಯಿಕ ಊಟ ಸೇರಿದ್ದೂ ಅದೇ ವರ್ಷ. ಅಂಗೈಗೆ ತೆಂಗಿನೆಣ್ಣೆ ಸವರಿಕೊಂಡು, ಆದರೂ ಮೇಣ ಮೆತ್ತಿಸಿಕೊಂಡು, ಸಂಜೆವರೆಗೆ ಸೊಳೆ ಬಿಡಿಸುವ ನಮ್ಮ ಅಜ್ಜಿಯಂದಿರನ್ನು ಕರೆದು ಸೇರಿಸಿಕೊಂಡರೂ ಅವರಿಗೆ ಹೋಗಲು ಪುರುಸೊತ್ತು ಬೇಡವೇ?

ಚಾಪ್‌ಸ್ಟಿಕ್ಕಿನ ಸುದ್ದಿ ಜಾಸ್ತಿ ಬೇಡ. ಕೊರಿಯಾದ್ದು ಸ್ಟೀಲು, ಜಾರುತ್ತದೆ. ಜಪಾನಿನದು ಮರದ್ದು, ಕಲಿಯುವವರಿಗೆ ಅದೇ ವಾಸಿ. ದೊಡ್ಡಮ್ಮ ಎರಡನ್ನೂ ಬದಿಗೆ ಸರಿಸಿ ಕೈ ತೊಳೆದು ಬಂದರು. ಮೊಟ್ಟೆ ಹಾಕದೆ ತಂದ ಬಿಬಿಂಬಾಪಿನ ಅನ್ನ, ತರಕಾರಿ, ಕೆಂಪು ಗೊಜ್ಜು ಎಲ್ಲ ಸೇರಿಸಿ ಕಲಸಿದರು. ಅದು ಕಲಸಿಯೇ ತಿನ್ನುವ ಊಟ, ಹಾಗಾಗಿ ಕೊರಿಯಾದವರೂ ತಕರಾರು ಮಾಡಲಾರರು.

ಏಳುವಾಗ ಯಜಮಾನರನ್ನು ಕರೆದರು. "ಮುಂದಿನ ಸಲ ಒಂದು ಡಬ್ಬಿ ಉಪ್ಪುಸೊಳೆ ತರ್ತೇನೆ. ನಿಮ್ಮ ಹುಡುಗ ಪಲ್ಯ ಮಾಡಿ ಈ ಸಣ್ಣ ತಟ್ಟೆಯಲ್ಲಿ ಇಡಲಿ."

"ತನ್ನಿ ಅಮ್ಮಾ. ಆದರೆ ಅದಕ್ಕೆ ದುಡ್ಡು ತೆಗೊಳ್ಳುವ ಕ್ರಮ ಇಲ್ಲ."

"ನನಗೆ ಕೊಡುವ ಕ್ರಮ ಉಂಟಲ್ಲ?" ಎಂದರು ದೊಡ್ಡಮ್ಮ.